ಅಪಸವ್ಯದ ಅಜ್ಜ

ನನಗೆ ಬದುಕಿರುವವರಿಗಿಂತ ಸತ್ತವರ ಸಹವಾಸವೇ ಹೆಚ್ಚು ಎಂದು ನನ್ನ ಹೆಂಡತಿ ಶ್ಯಾಮಲಾ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಅವರು ಗಾಬರಿಯಾಗುವಷ್ಟರಲ್ಲಿ ನಾನು ಎದ್ದು ಕಪಾಟಿನಿಂದ ಆಲ್ಬಮ್ ತಂದು ಮುಂದಿಡುತ್ತೇನೆ. ಆಗ ಅವರು ನಿಜವಾಗಿಯೂ ಗಾಬರಿಯಾಗುತ್ತಾರೆ. ಕೊನೆಯ ಹಾಳೆ ತಿರುವುವವರೆಗೆ ನಾನು ಯಾರನ್ನೂ ಬಿಡುವುದಿಲ್ಲ ಎಂಬ ಸುದ್ದಿ ಪುಣೆಯ ಕೋಥರೂಡಿನ ಕನ್ನಡಿಗರಲ್ಲೆಲ್ಲ ಹಬ್ಬಿದೆ. ಹೊಸಬರು ಮಾತ್ರ ಸಿಕ್ಕಿಬೀಳುತ್ತಾರೆ, ಅವರ ಚಹಾ ಆರಿಹೋಗುತ್ತದೆ.

ಆಲ್ಬಮ್ಮಿನಲ್ಲಿರುವವರು ನನ್ನ ಬಂಧುಗಳಲ್ಲ. ಯಾರ ಬಂಧುಗಳೋ ನನಗೆ ತಿಳಿಯದು. ಪುಣೆಯ ಪೇಟೆಗಳಲ್ಲಿ ಹಳೆಯ ವಾಡೆ ಕೆಡವಿ ಫ್ಲ್ಯಾಟು ಕಟ್ಟುವಾಗ ಅಟ್ಟದ ಮೇಲಿನ ಸಾಮಾನೆಲ್ಲ ರದ್ದಿಯವನ ಪಾಲಾಗುತ್ತದೆ. ಅಲ್ಲಿಂದ ಅದು ಜೂನಾ ಬಾಜಾರಕ್ಕೆ ಬರುತ್ತದೆ. ರವಿವಾರ ಬೆಳಿಗ್ಗೆ ಹೋದರೆ ತುಕ್ಕು ಹಿಡಿದ ನಲ್ಲಿ, ಕೀಲಿಯಿಲ್ಲದ ಬೀಗ, ಒಂಟಿ ಬೂಟುಗಳ ನಡುವೆ ಗೋಣಿಚೀಲದ ಮೇಲೆ ಯಾರದೋ ಮುತ್ತಜ್ಜ ಪೇಟಾ ಸುತ್ತಿಕೊಂಡು ಗಂಭೀರವಾಗಿ ಕುಳಿತಿರುತ್ತಾನೆ. ನಾನು ಅವನನ್ನು ಮನೆಗೆ ಕರೆತರುತ್ತೇನೆ. ಹೆಸರು ಗೊತ್ತಿಲ್ಲದ್ದರಿಂದ ನಾನೇ ಒಂದು ಇಡುತ್ತೇನೆ. ಮೀಸೆ ಇಳಿಬಿಟ್ಟವರು ಹೆಡ್‌ಮಾಸ್ತರರು, ಕರಿಕೋಟಿನವರು ವಕೀಲರು, ಮಗುವನ್ನು ಅಮುಕಿ ಹಿಡಿದಿರುವ ಹೆಂಗಸು ಸೋನಾ ಮಾವಶಿ. ನಿವೃತ್ತನಾದ ಮೇಲೆ ಟೆಲಿಫೋನ್ ಖಾತೆಯ ನನ್ನ ಗೆಳೆಯರು ಒಬ್ಬೊಬ್ಬರಾಗಿ ಮಕ್ಕಳಿದ್ದ ಊರಿಗೆ ಹೋದರು, ಇವರು ಮಾತ್ರ ಎಲ್ಲಿಗೂ ಹೋಗಿಲ್ಲ.

ಈ ಹಳೆಯ ಕಪ್ಪುಬಿಳುಪಿನವರಲ್ಲಿ ಏನಿದೆ ಎಂದು ನೀವು ಕೇಳಬಹುದು. ಮೊದಲನೆಯದಾಗಿ ಅವರು ನಗುವುದಿಲ್ಲ. ನಾವೀಗ ಇಡ್ಲಿ ತಿನ್ನುವ ಮೊದಲು ಇಡ್ಲಿಯದೇ ನಾಲ್ಕು ಫೋಟೋ ತೆಗೆಯುತ್ತೇವೆ. ಅವರದು ಬಹುಶಃ ಆಯುಷ್ಯದಲ್ಲೊಮ್ಮೆ. ಅಭ್ಯಂಜನ ಮಾಡಿ, ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟು, ಪೇಟೆಗೆ ನಡೆದುಹೋಗಿ, ಉಸಿರು ಬಿಗಿಹಿಡಿದು ಕೂತವರು. ಅಂಥ ಹೊತ್ತಿನಲ್ಲಿ ನಗು ಹೇಗೆ ಬಂದೀತು? ಅದಕ್ಕೂ ಹಳೆಯ ಕೆಲವು ಚಿತ್ರಗಳಲ್ಲಿ ಕೂತವರ ಕುತ್ತಿಗೆ ಅಲುಗದಂತೆ ಹಿಂದೊಂದು ಕಬ್ಬಿಣದ ಊರುಗೋಲು ನಿಲ್ಲಿಸುತ್ತಿದ್ದರು. ಸೂಕ್ಷ್ಮವಾಗಿ ನೋಡಿದರೆ ಜೋಡಿನ ಹಿಂದೆ ಅದರ ಕಾಲು ಕಾಣುತ್ತದೆ. ನಾನಂತೂ ಮೊದಲು ಅದನ್ನೇ ಹುಡುಕುತ್ತೇನೆ.

ಎರಡನೆಯದು ಕೈಗಳು. ಮುಖವನ್ನು ಗಂಭೀರ ಮಾಡಿಕೊಳ್ಳಬಹುದು, ಕೈಗಳಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಒಂದು ಮೊಣಕಾಲ ಮೇಲೆ, ಇನ್ನೊಂದು ಪಕ್ಕದ ಮೇಜಿನ ಪುಸ್ತಕದ ಮೇಲೆ. ಆ ಪುಸ್ತಕ ಸ್ಟುಡಿಯೋದ್ದು. ಓದಿದವರೂ ಓದದವರೂ ಅದೇ ಪುಸ್ತಕದ ಮೇಲೆ ಕೈಯಿಟ್ಟು ಹೋದವರು. ಮೂರನೆಯದು ಬೆಳಕು. ಆಗ ದೀಪದ ಹಂಗಿಲ್ಲ, ಒಂದು ಬದಿಯ ದೊಡ್ಡ ಗಾಜಿನ ಕಿಟಕಿಯಿಂದ ಬಂದ ಹಗಲು ಒಂದು ಕೆನ್ನೆಯ ಮೇಲೆ ಬೀಳುತ್ತಿತ್ತು. ಇನ್ನೊಂದು ಕೆನ್ನೆಗೆ ನೆರಳು. ಆ ನೆರಳು ಪೂರ್ತಿ ಕಪ್ಪಲ್ಲ, ಅದರೊಳಗೂ ಮುಖ ಕಾಣುತ್ತದೆ. ಇದನ್ನು ನಾನು ಬಂದವರಿಗೆ ವಿವರಿಸುವಾಗ ಶ್ಯಾಮಲಾ ಒಳಗೆ ಪಾತ್ರೆಗಳನ್ನು ಬೇಕೆಂತಲೇ ಜೋರಾಗಿ ಇಡುತ್ತಾಳೆ.

ಫೋಟೋ ತೆಗೆಸಿಕೊಳ್ಳುವುದರಲ್ಲಿ ಸ್ವತಃ ನಾನು ಪ್ರಚಂಡ ದಡ್ಡ. ಮೆಟ್ರಿಕ್ ಪರೀಕ್ಷೆಯ ಚೀಟಿಗೆಂದು ಅಪ್ಪ ನನ್ನನ್ನು ಸ್ಟುಡಿಯೋಕ್ಕೆ ಕರೆದೊಯ್ದಿದ್ದ. ಕಣ್ಣು ಮಿಟುಕಿಸಬೇಡ ಎಂದು ಇಬ್ಬರೂ ಎಷ್ಟು ಸಲ ಹೇಳಿದರೆಂದರೆ, ಸರಿಯಾದ ಕ್ಷಣಕ್ಕೆ ನಾನು ಎರಡೂ ಕಣ್ಣು ಮುಚ್ಚಿದೆ. ಇನ್ನೊಂದು ತೆಗೆಸಲು ಅಪ್ಪ ಒಪ್ಪಲಿಲ್ಲ. ಹೀಗಾಗಿ ಏಳೂ ಪತ್ರಿಕೆಗಳಿಗೆ ಮೇಲ್ವಿಚಾರಕರು ಚೀಟಿಯ ಮೇಲೆ ಮಲಗಿದ್ದ ಹುಡುಗನನ್ನೂ ಎದುರು ಎಚ್ಚರವಾಗಿದ್ದ ಹುಡುಗನನ್ನೂ ಹೋಲಿಸಿ ನೋಡುತ್ತಿದ್ದರು. ಗಣಿತದ ದಿನ ಮಾತ್ರ ಇಬ್ಬರೂ ಒಂದೇ ತರಹ ಇದ್ದೆವು.

ಇಷ್ಟೆಲ್ಲ ಊರವರ ಹಿರಿಯರನ್ನು ಕೂಡಿಹಾಕಿದ ನನ್ನ ಮನೆಯ ಗೋಡೆಯ ಮೇಲೆ ನನ್ನ ಸ್ವಂತ ಅಜ್ಜ ಇರಲಿಲ್ಲ. ಇದ್ದುದು ಒಂದೇ ಫೋಟೋ, ಅದನ್ನು ಹಾಕುವ ಹಾಗಿರಲಿಲ್ಲ. ಯಾಕೆಂದರೆ ಅದರಲ್ಲಿ ಅಜ್ಜನ ಜನಿವಾರ ಬಲಭುಜದ ಮೇಲಿತ್ತು.

ಜನಿವಾರ ಎಡಭುಜದಿಂದ ಇಳಿದರೆ ಸವ್ಯ. ದೇವರ ಕೆಲಸಕ್ಕೆ, ದಿನನಿತ್ಯಕ್ಕೆ ಅದೇ. ಶ್ರಾದ್ಧದಲ್ಲಿ ಮಾತ್ರ ಭಟ್ಟರು ‘ಅಪಸವ್ಯ’ ಎಂದೊಡನೆ ಅದನ್ನು ಬಲಭುಜಕ್ಕೆ ದಾಟಿಸಬೇಕು. ಅಪ್ಪ ಬದುಕಿರುವವನಿಗೆ ಆ ಪ್ರಸಂಗವೇ ಇಲ್ಲ. ನನ್ನ ಅಜ್ಜನ ಅಪ್ಪ ಆಗ ಧಾರವಾಡದಲ್ಲಿ ಗಟ್ಟಿಮುಟ್ಟಾಗಿ ಬದುಕಿದ್ದ.

ಅಜ್ಜ ಪುಣೆಯ ಒಂದು ಶಾಲೆಯಲ್ಲಿ ಮಾಸ್ತರ. ಒಂದು ಫೋಟೋ ತೆಗೆಸಿಕೊಳ್ಳಿರಿ ಎಂದು ದುಂಬಾಲು ಬಿದ್ದವಳು ಅಜ್ಜಿ. ಕೋಟು ಟೊಪ್ಪಿಗೆ ಬೇಡ, ಪೂಜೆಗೆ ಕೂತ ಹಾಗೆಯೇ ರೇಷ್ಮೆಯ ಮಗುಟ ಉಟ್ಟು ಬರಿಮೈಯಲ್ಲಿ ಕೂತದ್ದು ಬೇಕು ಎಂದದ್ದೂ ಅವಳೇ. ಅವಳಿಗೆ ಗಂಡ ಹಾಗೆ ಚೆಂದ ಕಾಣುತ್ತಿದ್ದನಂತೆ. ಸ್ಟುಡಿಯೋಕ್ಕೂ ಜೊತೆಗೇ ಹೋಗಿದ್ದಳು. ತಯಾರಾದ ಫೋಟೋ ಮಾತ್ರ ಅವಳ ಕೈಗೆ ಬರಲಿಲ್ಲ. ಮಗ ಹೇಗಿದ್ದಾನೆಂದು ಅಪ್ಪ ನೋಡಲಿ ಎಂದು ಅಜ್ಜ ಅದನ್ನು ಸ್ಟುಡಿಯೋದವರಿಂದಲೇ ನೇರ ಧಾರವಾಡಕ್ಕೆ ಅಂಚೆಯಲ್ಲಿ ಕಳಿಸಿಬಿಟ್ಟ. ಅಜ್ಜನ ಅಪ್ಪ ಲಕೋಟೆ ಬಿಚ್ಚಿದರೆ, ತಾನಿನ್ನೂ ಬದುಕಿರುವಾಗಲೇ ಮಗ ಅಪಸವ್ಯ ಹಾಕಿಕೊಂಡು ಕೂತಿದ್ದಾನೆ. ಮನೆಯಲ್ಲಿ ಎರಡು ದಿನ ಒಲೆ ಹೊತ್ತಲಿಲ್ಲವಂತೆ.

ತಿಂಗಳೊಪ್ಪತ್ತಿನಲ್ಲಿ ಅಜ್ಜ ಜ್ವರ ಬಂದು ಪುಣೆಯಲ್ಲಿ ತೀರಿಕೊಂಡ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಏನು ಸಂಬಂಧ ಎಂದು ಕೇಳುವವರು ಆ ಮನೆಯಲ್ಲಿ ಯಾರಿದ್ದರು? ನಾಲ್ಕು ವರ್ಷದ ನನ್ನ ಅಪ್ಪನನ್ನೂ ಎದೆಹಾಲಿನ ಅವನ ತಂಗಿ ಇಂದೂ ಅತ್ಯಾನನ್ನೂ ಕರೆದುಕೊಂಡು ಅಜ್ಜಿ ಧಾರವಾಡಕ್ಕೆ ಹೋದಾಗ ಫೋಟೋದ ತೀರ್ಮಾನ ಆಗಿಹೋಗಿತ್ತು. ಫೋಟೋ ಬೇಕೆಂದು ಕುಣಿದವಳು ಅವಳು, ಜನಿವಾರ ನೋಡದವಳೂ ಅವಳು. ಅಜ್ಜಿ ಫೋಟೋ ನೋಡಿದ್ದೇ ಆಗ. ಇಲ್ಲ, ಜನಿವಾರ ಸರಿಯಾಗಿತ್ತು, ನಾನೇ ಕಣ್ಣಾರೆ ಕಂಡಿದ್ದೇನೆ ಎಂದಳು. ಫೋಟೋ ಎದುರಿಗೇ ಇರುವಾಗ ಅವಳ ಮಾತು ಯಾರು ಕೇಳುತ್ತಾರೆ. ಮಾವ ಇನ್ನೂ ಇಪ್ಪತ್ತು ವರ್ಷ ಬದುಕಿದ. ಬದುಕಿರುವವರೆಗೂ ಅವಳ ಕೈಯಿಂದ ನೀರು ಇಸಿದುಕೊಳ್ಳಲಿಲ್ಲ.

ನನಗೆ ನೆನಪಿರುವ ಅಜ್ಜಿ ಮಾತಾಡುವವಳಲ್ಲ. ಕೆಂಪು ಸೀರೆ ಉಟ್ಟು ಪುಣೆಯ ನಮ್ಮ ಮನೆಯ ಮೂಲೆಯಲ್ಲಿ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಅವಳ ಟ್ರಂಕಿನಲ್ಲಿ ಹಳೆಯ ಶಾಲಿನಲ್ಲಿ ಸುತ್ತಿದ ಏನೋ ಇದೆಯೆಂದು ನಾನು ಒಮ್ಮೆ ಕದ್ದು ಬಿಚ್ಚಿದ್ದೆ. ತೆಳ್ಳನೆಯ ಹುಡುಗನಂಥ ಮನುಷ್ಯ, ದೊಡ್ಡ ಕಣ್ಣು. ಸಿಕ್ಕಿಬಿದ್ದಾಗ ಅಜ್ಜಿ ಬೈಯಲಿಲ್ಲ. ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಸೆರಗಿನಿಂದ ಒರೆಸಿ, ಮತ್ತೆ ಸುತ್ತಿಟ್ಟಳು. ಅಜ್ಜನ ಶ್ರಾದ್ಧಕ್ಕೂ ಆ ಶಾಲು ಬಿಚ್ಚುತ್ತಿರಲಿಲ್ಲ.

ಅಜ್ಜಿ ಹೋದಮೇಲೆ ಟ್ರಂಕು ಇಂದೂ ಅತ್ಯಾನ ಪಾಲಿಗೆ ಬಂತು. ಮೂರು ವರ್ಷದ ಹಿಂದೆ ಅತ್ಯಾ ಪುಣೆಯಲ್ಲೇ ಧನಕವಡಿಯಲ್ಲಿರುವ ಮೊಮ್ಮಗಳ ಮನೆಗೆ ಇರಲು ಬಂದಾಗ ಆ ಫೋಟೋ ನನಗೆ ಕೊಟ್ಟಳು. ನಿನಗ ಇಂಥಾ ಹುಚ್ಚು ಅದ, ನೀ ಇಟಗೋ ಎಂದಳು. ಕೊಡುವಾಗ ಒಂದು ಸಂಗತಿಯನ್ನೂ ಹೇಳಿದಳು. ಅತ್ಯಾನ ಎಡಗೆನ್ನೆಯ ಮೇಲೆ ಕಡಲೆಕಾಳಿನಷ್ಟು ಮಚ್ಚೆಯಿದೆ. ಚಿಕ್ಕಂದಿನಲ್ಲಿ ಅಜ್ಜಿ ಅವಳಿಗೆ ಜಡೆ ಹಾಕುವಾಗಲೆಲ್ಲ, ನಿಮ್ಮಪ್ಪಗೂ ಇಲ್ಲೇ ಇತ್ತು, ಇದೇ ಗಲ್ಲಕ್ಕ, ಎಂದು ಮುಟ್ಟಿ ಹೇಳುತ್ತಿದ್ದಳಂತೆ. ಅಪ್ಪನನ್ನು ಕಂಡ ನೆನಪಿಲ್ಲದ ಹುಡುಗಿಗೆ ಇದ್ದ ಆಸ್ತಿ ಅದೊಂದೇ. ಹನ್ನೆರಡರ ವಯಸ್ಸಿನಲ್ಲಿ ಟ್ರಂಕು ತೆಗೆದು ನೋಡಿದರೆ ಫೋಟೋದಲ್ಲಿ ಮಚ್ಚೆ ಬಲಗೆನ್ನೆಗಿದೆ. ಅಂದೇ ಅವ್ವನ ಮುಂದೆ ಹೋಗಿ ನಿಂತು ಅಂದಳಂತೆ, "ನೀ ಎಲ್ಲಾ ಸುಳ್ಳ ಹೇಳತಿ. ಜನಿವಾರದ್ದೂ ಸುಳ್ಳು, ಮಚ್ಚೀದೂ ಸುಳ್ಳು. ನಿನಗ ಅಪ್ಪನ ಮುಖಾನ ನೆನಪಿಲ್ಲ."

ಅಜ್ಜಿ ಅದಾದ ಮೇಲೆ ಯಾರ ಮುಂದೂ ಗಂಡನ ಸುದ್ದಿ ಎತ್ತಲಿಲ್ಲ. ಇದನ್ನು ಹೇಳುವಾಗ ಅತ್ಯಾ ನನ್ನ ಕಡೆ ನೋಡುತ್ತಿರಲಿಲ್ಲ.

ನಾನೇನು ಮಾಡಿದೆ ಎಂದರೆ, ಫೋಟೋ ಮನೆಗೆ ತಂದು ಅದರ ಕಲೆಯನ್ನು ಮೆಚ್ಚತೊಡಗಿದೆ. ಅಂಚುಗಳು ಸ್ವಲ್ಪ ಮಂಜಾಗಿದ್ದವು. ಇದು ಛಾಯಾಗ್ರಾಹಕ ಬೇಕೆಂತಲೇ ತಂದ ಮೃದುತ್ವ ಎಂದು ತೀರ್ಮಾನಿಸಿದೆ. ಜನಿವಾರಕ್ಕೂ ನನ್ನಲ್ಲೊಂದು ವಾದವಿತ್ತು. ಬೆಳಕು ಬಲಭುಜದ ಮೇಲೆ ಬೀಳುತ್ತಿದ್ದುದರಿಂದ ಬಿಳಿ ಎಳೆಗಳು ಎದ್ದು ಕಾಣಲೆಂದು ಛಾಯಾಗ್ರಾಹಕನೇ ಆ ಕಡೆ ಹಾಕಿಸಿರಬೇಕು. ಕಲೆಗಾಗಿ ಆಚಾರವನ್ನು ಬದಿಗಿಟ್ಟ ಅಜ್ಜನ ಮೊಮ್ಮಗ ನಾನು ಎಂದು ಎರಡು ವರ್ಷ ಬಂದವರ ಮುಂದೆ ಮೆರೆದೆ. ಯಾರೂ ಅಲ್ಲಗಳೆಯಲಿಲ್ಲ, ಅವರಿಗೆ ಮನೆಗೆ ಹೋಗುವ ಅವಸರವಿತ್ತು.

ಕಳೆದ ವರ್ಷ ಒಂದು ಮಧ್ಯಾಹ್ನ ಅಜ್ಜನನ್ನು ಲಕೋಟೆಯಿಂದ ತೆಗೆದು ಆಲ್ಬಮ್ಮಿನಲ್ಲಿ ವಕೀಲರ ಪಕ್ಕದ ಹಾಳೆಗೆ ಅಂಟಿಸಲು ಕೂತಿದ್ದೆ. ಇಬ್ಬರ ರಟ್ಟಿನ ಮೇಲೂ ಒಂದೇ ಸ್ಟುಡಿಯೋದ ಮುದ್ರೆ. ಅದನ್ನು ಪತ್ತೆ ಹಚ್ಚಿದವನು ನಾನೇ ಆದ್ದರಿಂದ ಅವರನ್ನು ಒತ್ತಟ್ಟಿಗೆ ಇಡುತ್ತಿದ್ದೆ. ಶ್ಯಾಮಲಾ ಮೆಂತ್ಯದ ಸೊಪ್ಪು ಸೋಸುತ್ತ ಎದುರಿಗೆ ಕೂತಿದ್ದವಳು ಕತ್ತು ಚಾಚಿ ನೋಡಿದಳು.

"ಇಬ್ಬರೂ ಒಂದೇ ಪರದೆ ಮುಂದ ಕೂತಾರಲ್ರಿ," ಅಂದಳು. "ವಕೀಲರ ಹಿಂದ ಮೆಟ್ಟಿಲು ಎಡಕ್ಕ ಅದಾವು. ನಿಮ್ಮಜ್ಜನ ಹಿಂದ ಬಲಕ್ಕ ಅದಾವು. ಹೆಂಗ?"

ಪರದೆ ಎಂದರೆ ಕೂತವರ ಹಿಂದೆ ಇಳಿಬಿಡುತ್ತಿದ್ದ ಬಣ್ಣದ ಬಟ್ಟೆ. ಅದರ ಮೇಲೆ ಬರೆದ ಕಲ್ಲಿನ ಮೆಟ್ಟಿಲು, ಕಂಬ, ಹೂಕುಂಡ. ನಿಜವಾಗಿಯೂ ಅದೇ ಮೆಟ್ಟಿಲು, ಅದೇ ಒಡೆದ ಕುಂಡ. ಬರೀ ಎಡದ್ದು ಬಲಕ್ಕಿತ್ತು, ಬಲದ್ದು ಎಡಕ್ಕೆ. ಎರಡೂ ಫೋಟೋ ಒಂದೇ ಕಪಾಟಿನಲ್ಲಿ ಎರಡು ವರ್ಷ ಇದ್ದವು. ಕೈಯಲ್ಲಿ ಬೆಣ್ಣೆ ಹಿಡಿದು ತುಪ್ಪಕ್ಕೆ ಊರೆಲ್ಲ ಅಲೆದವನೆಂದರೆ ನಾನು. ಮೆಂತ್ಯದ ಕಡ್ಡಿ ಕೀಳುವ ಹೊತ್ತಿನಲ್ಲಿ ಅವಳು ಕಂಡದ್ದನ್ನು ನನ್ನ ಭೂತಗನ್ನಡಿ ಕಂಡಿರಲಿಲ್ಲ.

ಮರುದಿನವೇ ನಾರಾಯಣ ಪೇಟೆಯ ಮಾಧವ ಕಾಕಾನ ಬಳಿ ಓಡಿದೆ. ಕಾಕಾ ಮರಾಠಿಯವರು, ಎಂಬತ್ತು ದಾಟಿದವರು. ತಾರುಣ್ಯದಲ್ಲಿ ಅದೇ ಸ್ಟುಡಿಯೋದಲ್ಲಿ ಪೆನ್ಸಿಲ್ ಹಿಡಿದು ಗಿರಾಕಿಗಳ ಮುಖದ ಕಲೆ ತಿದ್ದುವ ಕೆಲಸಕ್ಕಿದ್ದರು. ಫೋಟೋ ಕೈಗೆ ತೆಗೆದುಕೊಂಡು ಕಿಟಕಿಗೆ ಹಿಡಿದರು, ಕನ್ನಡಕ ಹಣೆಗೆ ಏರಿಸಿದರು. "ಕಾಚ ಉಲಟೀ ಠೇವಲೀ," ಎಂದರು. ಗಾಜು ತಿರುವಿ ಇಟ್ಟಿದ್ದಾರೆ. ಆಗ ಫೋಟೋ ಮೂಡುತ್ತಿದ್ದುದು ಗಾಜಿನ ಮೇಲೆ. ಮದ್ದು ಸವರಿದ ಮಗ್ಗುಲನ್ನು ಕಾಗದಕ್ಕೆ ತಾಗಿಸಿ ಅಚ್ಚು ತೆಗೆಯಬೇಕು. ಅವಸರದಲ್ಲಿ ಗಾಜು ಮಗುಚಿ ಇಟ್ಟರೆ ಮನುಷ್ಯನ ಎಡ ಬಲವಾಗಿ ಬರುತ್ತದೆ, ನಡುವೆ ಗಾಜಿನ ದಪ್ಪ ಬರುವುದರಿಂದ ಚಿತ್ರ ಮಂಜಾಗುತ್ತದೆ. ನನ್ನ ಮೃದುತ್ವದ ಉಪನ್ಯಾಸ ಅಲ್ಲಿಗೆ ಮುಗಿಯಿತು.

ಕಾಕಾ ಇನ್ನೊಂದಕ್ಕೆ ಆಶ್ಚರ್ಯಪಟ್ಟರು. ಇಂಥ ಮಚ್ಚೆಗಳನ್ನು ಹೇಳದೆಯೇ ಅಳಿಸಿಬಿಡುವುದು ತಮ್ಮ ಸ್ಟುಡಿಯೋದ ಪದ್ಧತಿ, ಇದು ಹೇಗೆ ಉಳಿಯಿತು ಎಂದರು. ಯಾರೋ ಎದುರಿಗೆ ನಿಂತು ಬೇಡವೆಂದಿರಬೇಕು. ಯಾರೆಂದು ನಾನು ಹೇಳಲು ಹೋಗಲಿಲ್ಲ. ಆ ದಿನ ಅಲ್ಲಿಗೆ ಜೊತೆಗೆ ಹೋಗಿದ್ದವಳು ಒಬ್ಬಳೇ.

ಮನೆಗೆ ಬಂದು ಫೋಟೋದ ಫೋಟೋ ತೆಗೆದೆ. ಮೊಬೈಲಿನಲ್ಲಿ ಚಿತ್ರ ತಿರುವಲು ಒಂದು ಗುಂಡಿಯಿದೆ. ಬೆರಳು ತಾಗಿಸಿದೆ, ಅಷ್ಟೇ. ಜನಿವಾರ ಎಡಭುಜಕ್ಕೆ ಬಂತು, ಮಚ್ಚೆ ಎಡಗೆನ್ನೆಗೆ ಬಂತು. ಅಜ್ಜಿ ಆಯುಷ್ಯವಿಡೀ ಹೊತ್ತದ್ದು ಇಳಿಯಲು ಅರೆಗಳಿಗೆಯೂ ಹಿಡಿಯಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಸರಿಯಾಗಿ ಗೊತ್ತಿಲ್ಲ.

ಸಿಟ್ಟು ಇಳಿದ ಮೇಲೆ ಹುರುಪು ಬಂತು. ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿಸಿ ಅಂದೇ ಧನಕವಡಿಗೆ ಹೊರಟೆ. ಶ್ಯಾಮಲಾ ಬಾಗಿಲಲ್ಲಿ ಅಡ್ಡ ನಿಂತಳು.

"ಎಂಬತ್ತೆಂಟು ವಯಸ್ಸು ಅವರಿಗೆ. ಅವ್ವ ಖರೇನ ಹೇಳಿದ್ಲು ಅಂತ ಸಂತೋಷ ಪಡಬೇಕೋ, ತಾ ಆಡಿದ ಮಾತು ನೆನಸಿ ಅಳಬೇಕೋ? ಸ್ವಲ್ಪ ವಿಚಾರ ಮಾಡ್ರಿ."

ನಾನು ಜೋಡು ಬಿಚ್ಚಿ ಒಳಗೆ ಬಂದೆ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಹೇಳಿದರೆ ಅಜ್ಜಿ ಗೆಲ್ಲುತ್ತಾಳೆ, ಅವಳು ಹೋಗಿ ಐವತ್ತು ವರ್ಷವಾಗುತ್ತ ಬಂತು. ಸೋಲುವವಳು ಬದುಕಿರುವ ಅತ್ಯಾ. ಹೇಳದಿದ್ದರೆ ಅತ್ಯಾಗೆ ನೋವಿಲ್ಲ, ಆದರೆ ತನ್ನವ್ವ ಸುಳ್ಳಿ ಎಂದುಕೊಂಡೇ ಹೋಗುತ್ತಾಳೆ. ಎಂಟು ದಿನ ಫೋಟೋ ಮೇಜಿನ ಮೇಲಿತ್ತು. ಮೆಟ್ರಿಕ್‌ನಲ್ಲಿಯೂ ನಾನು ಒಂದು ಪ್ರಶ್ನೆಯ ಮುಂದೆ ಅಷ್ಟು ಹೊತ್ತು ಕೂತಿರಲಿಲ್ಲ. ಕೊನೆಗೆ ಶ್ಯಾಮಲಾಳೇ, ಹೋಗಿ ಬರ್ರಿ, ಇದು ನಮ್ಮ ಹತ್ರ ಇಟಗೊಳ್ಳೂದಲ್ಲ ಎಂದಳು.

ಅತ್ಯಾ ಬಾಲ್ಕನಿಯ ಬಿಸಿಲಿಗೆ ಕೂತಿದ್ದಳು. ಹಳೆಯದನ್ನೂ ಹೊಸದನ್ನೂ ಅವಳ ತೊಡೆಯ ಮೇಲಿಟ್ಟು ಗಾಜಿನ ಕತೆ ಹೇಳಿದೆ. ಮೆಟ್ಟಿಲು, ಪರದೆ, ಮಾಧವ ಕಾಕಾ ಎಲ್ಲ ಹೇಳಿದೆ, ಬೇಕಾದ್ದಕ್ಕಿಂತ ಹೆಚ್ಚೇ ಹೇಳಿದೆ. ಅವಳು ಕೇಳುತ್ತಿದ್ದಳೋ ಇಲ್ಲವೋ. ಹೊಸ ಫೋಟೋವನ್ನು ಕಣ್ಣಿನ ಹತ್ತಿರ ತಂದು ಒಂದು ಬೆರಳನ್ನು ಅಪ್ಪನ ಮಚ್ಚೆಯ ಮೇಲಿಟ್ಟಳು, ಇನ್ನೊಂದನ್ನು ತನ್ನ ಕೆನ್ನೆಗೆ. ಕೆಳಗೆ ಕಾಲೇಜು ಬಿಟ್ಟಿತ್ತು, ಸ್ಕೂಟರುಗಳ ಗದ್ದಲ.

"ಅವ್ವಗ ನೆನಪಿತ್ತು," ಎಂದಳು.

ಆಮೇಲೆ ಅತ್ತಳು. ಎಂಬತ್ತೆಂಟು ವರ್ಷದವರು ಅಳುವುದನ್ನು ನೋಡುವುದು ಕಷ್ಟ. ನಾನು ಸ್ಕೂಟರುಗಳನ್ನು ನೋಡುತ್ತ ಕೂತೆ. ಹೇಳಬಾರದಿತ್ತೇನೋ ಎಂದು ಕೇಳಿದೆ. ಅವಳು, ಇಷ್ಟು ದಿನ ಯಾಕೆ ತಡ ಮಾಡಿದೆ ಎಂದು ನನ್ನನ್ನೇ ಬೈದಳು. ಹೊಸದನ್ನು ಕಟ್ಟು ಹಾಕಿಸಿ ಗೋಡೆಗೆ ಹಾಕೋಣ ಎಂದೆ. ಎರಡನ್ನೂ ಬಿಟ್ಟುಹೋಗು, ಮೊಮ್ಮಗಳು ನೋಡಿಕೊಳ್ಳುತ್ತಾಳೆ ಎಂದಳು.

ಈ ವರ್ಷ ಅಜ್ಜನ ಶ್ರಾದ್ಧವನ್ನು ಅತ್ಯಾನ ಇಚ್ಛೆಯಂತೆ ಧನಕವಡಿಯಲ್ಲೇ ಇಟ್ಟುಕೊಂಡೆವು. ನಾನೂ ಶ್ಯಾಮಲಾಳೂ ಒಳಗೆ ಕಾಲಿಟ್ಟರೆ ಎದುರು ಗೋಡೆಯ ಮೇಲೆ ಅಜ್ಜ ಇದ್ದಾನೆ. ತೇಗದ ಕಟ್ಟು, ತುಳಸಿಯ ಮಾಲೆ. ಆದರೆ ಜನಿವಾರ ಬಲಭುಜದ ಮೇಲೆ. ಹಳೆಯದು, ಮಂಜಾದದ್ದು, ತಪ್ಪಾದದ್ದು. ಮೊಮ್ಮಗಳು ಅದಲುಬದಲು ಮಾಡಿರಬೇಕೆಂದು ನಾನು ಸ್ಟೂಲು ಎಳೆದೆ. ಅತ್ಯಾ ತಡೆದಳು. ಸರಿಯಾದದ್ದು ತನ್ನ ದಿಂಬಿನ ಕೆಳಗಿದೆಯಂತೆ. ಅದು ನನಗ, ಇದು ಬಂದವರಿಗೆ, ಎಂದಳು. ನನಗೆ ಅರ್ಥವಾಗಲಿಲ್ಲ. ಛಾಯಾಚಿತ್ರಗಳ ವಿಷಯದಲ್ಲಿ ನನಗೆ ಏನೂ ಬೇಗ ಅರ್ಥವಾಗುವುದಿಲ್ಲ ಎಂದು ನಿಮಗೆ ಇಷ್ಟೊತ್ತಿಗೆ ಗೊತ್ತಾಗಿದೆ.

ಹತ್ತು ಗಂಟೆಗೆ ಆಚಾರ್ಯರು ಬಂದರು. ವಿಜಾಪುರದ ಕಡೆಯವರು, ಈ ಮನೆಗೆ ಹೊಸಬರು. ಕಾಲು ತೊಳೆದು ಒಳಗೆ ಬಂದವರ ಕಣ್ಣು ಮೊದಲು ಹೋದದ್ದು ಗೋಡೆಗೆ. ಅಲ್ಲೇ ನಿಂತರು. ಒಂದು ಸಲ ಫೋಟೋ, ಒಂದು ಸಲ ನಮ್ಮ ಮುಖ ನೋಡಿದರು. ಬಹಳ ಸಂಕೋಚದಿಂದ, ಹಿರಿಯರ ಜನಿವಾರ ಹೀಗ್ಯಾಕ ಅದ ಎಂದು ಕೇಳಿದರು.

ಅತ್ಯಾ ಬೆಳಗಿನಿಂದ ಈ ಪ್ರಶ್ನೆಗೇ ಕಾದಿದ್ದಳೆಂದು ಆಗ ತಿಳಿಯಿತು. ಗೋಡೆ ಹಿಡಿದು ಎದ್ದು ನಿಂತಳು.

"ಜನಿವಾರ ಸರೀನ ಅದರಿ ಆಚಾರ್ರ, ಫೋಟೋ ತಪ್ಪು ಅದ," ಎಂದಳು. "ನಮ್ಮವ್ವ ಅವತ್ತೇ ಹೇಳಿದ್ಲು. ನಾನೇ ನಂಬಲಿಲ್ಲ."